ಬೇಸ್ ಡಬ್ಬಾದೊಳಗಿನ ಕಲ್ಯಾಣಪ್ಪ

ಶಹಾಬಾದಿನ ಕಲ್ಲುಖಣಿಗಳೆಲ್ಲ ತುಂಬಿ ನಿಲ್ಲುವಂಥ ಮಳೆ. ಸೇಡಮಿನಿಂದ ಟಂಟಂ ಆಟೋ ಹೊಡೆದುಕೊಂಡು ಬಂದಿದ್ದ ರತ್ನದೀಪ ಪೀರಮ್ಮನ ಪಡಸಾಲೆಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ. ಜೊತೆಗೆ ಡ್ರಮ್ಸ್ ಬಾರಿಸುವ ಗೆಳೆಯ ಮುಕ್ರಮ. ಮರುದಿನ ಚಿತ್ತಾಪುರದಲ್ಲಿ ಅವರ ರಾಕ್ ಬ್ಯಾಂಡಿನ ಕಾರ್ಯಕ್ರಮ, ಅವರ ಬೇಸ್ ಸ್ಪೀಕರು ನೋಡಿದರೆ ಹರಿದು ಕೂತಿತ್ತು. ಪೀರಮ್ಮನ ಮೊಮ್ಮಗಳು ಲುಂಬಿನಿಯ ಹತ್ತಿರ ಇರುವಂಥ ಬೇಸ್ ಡಬ್ಬಾ ಸುತ್ತಿನ ಐದು ಊರಲ್ಲಿ ಇಲ್ಲ ಎಂಬುದು ಬ್ಯಾಂಡಿನವರಿಗೆಲ್ಲ ಗೊತ್ತು. ಅದು ಮೂಲೆಯಲ್ಲಿತ್ತು: ಸೊಂಟದೆತ್ತರದ ಕಪ್ಪು ಪೆಟ್ಟಿಗೆ, ಮುಂದೆ ಹದಿನೈದು ಇಂಚಿನ ಸ್ಪೀಕರು, ತಲೆಯ ಮೇಲೆ ಆಂಪ್ಲಿಫೈಯರು. ಒಯ್ಯಿರಿ ಎಂದು ಲುಂಬಿನಿ ಹೇಳಿಯಾಗಿತ್ತು. ಪೀರಮ್ಮ ಮಾತ್ರ ಒಂದು ಮಾತು ಕೇಳಿದಳು.

"ನಾಳಿಗಿ ನಿಮಗ ಎಲ್ಲಿ ನಿಂದ್ರಸ್ತಾರ?"

"ಸ್ಟೇಜಿನ ಕೆಳಗ, ಆಯಿ. ಜನರೇಟರ್ ಬಾಜೂಕ. ಮ್ಯಾಲ ದೊಡ್ಡ ಮಂದಿ ಕುಂದರ್ತಾರಂತ."

"ನೀ ಹೂಂ ಅಂದೇನು?"

"ಅಂದೀನಿ. ಸಣ್ಣ ಬ್ಯಾಂಡ್ ಅದ ನಮ್ದು. ಇದು ಕೈ ತಪ್ಪಿದ್ರ ಮತ್ಯಾರು ಕರೀತಾರ?"

ಆಗಲೇ ಕರೆಂಟು ಹೋಯಿತು. ಅಡುಗೆಮನೆಯಿಂದ ಲುಂಬಿನಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಪೀರಮ್ಮ ಚಿಮಣಿ ದೀಪ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.

"ಹಂಗಿದ್ರ ಡಬ್ಬಾಕ್ಕ ಕೈ ಹಚ್ಚಬ್ಯಾಡ್ರಿ. ಕುಂದ್ರಿ. ಮಳಿ ನಿಂದ್ರಾ ತನಕ ಎಲ್ಲಿ ಹೋಗ್ತೀರಿ? ಕೇಳ್ರಿ.

"ಗಂಡನ ಹೆಸರ ಹೇಳಬಾರದು ಅಂತಾರ. ನಾ ಹೇಳ್ತೀನಿ, ಬಾಯಿ ತುಂಬ ಹೇಳ್ತೀನಿ. ಕಲ್ಯಾಣಪ್ಪ. ಹಲಗಿ ಬಾರಸಾಂವ. ಅಂವ ಹಲಗಿ ಕಾಸಿ, ಎದಿಗಿ ಆನಿಸಿ ನಿಂತಾ ಅಂದ್ರ ಕಾಗಿಣಾ ಹೊಳಿ ಆಚಿ ದಂಡಿ ಮಂದಿ ಈಚಿ ದಂಡಿಗಿ ಬರ್ತಿದ್ರು. ಬಾರಸಾದು ಎಲ್ಲಾರೂ ಬಾರಸ್ತಾರ ಬಿಡ್ರಿ, ಆದ್ರ ಇವಂದೊಂದು ರೀತಿ ಇತ್ತು, ಕಡೀ ಏಟು ಜರಾ ತಡದು ಹಾಕ್ತಿದ್ದ. ಈಗ ಬೀಳ್ತದ, ಈಗ ಬೀಳ್ತದ ಅಂತ ಉಸುರು ಹಿಡಕೊಂಡು ನಿಂತಿರಬೇಕು... ಆವಾಗ, ಢಮ್! ಯಾರಿಗೂ ಬರ್ತಿದ್ದಿಲ್ಲ ಅದು. ಇವತ್ತಿಗೂ ಬರಂಗಿಲ್ಲ.

"ಮಳಖೇಡದ ಆಕಡಿ ಒಂದು ಊರದ, ಹೆಸರ ಬ್ಯಾಡ. ಅಲ್ಲಿ ಒಬ್ಬ ಧಣಿ ವಾಡೇದಾಗ ಲಗ್ನ ಇರ್ಲಿ, ತೊಟ್ಟಲಾ ಇರ್ಲಿ, ಹಲಗಿಗಿ ಇವನೇ ಬೇಕು. ಆದ್ರ ನಿಂದ್ರಸಾದು ಎಲ್ಲಿ? ಬಾಗಲ ಹೊರಗ, ಬಂದ ಮಂದಿ ಚಪ್ಪಲಿ ಬಿಡಾ ಜಾಗಾದಾಗ! ಮುಂಜಾನಿಂದ ಸಂಜಿ ತನಕ. ಒಂದು ಸಲ ಕೈ ಒಡದು ರಕ್ತ ಬಂದದ, ನೀರ ಕೊಡ್ರಿ ಅಂದ್ರ ಮ್ಯಾಲಿಂದ ಬೊಗಸಿಗಿ ಸುರದ್ರಂತ. ಅವತ್ತ ಮನಿಗಿ ಬಂದು ಹಲಗಿ ಗ್ವಾಡಿಗಿ ತೂಗಹಾಕಿ ಅಂದ, 'ಪೀರಾ, ನನಗ ಸಮ ನಿಂದ್ರಸದ ಜಾಗಾದಾಗ ಇನ್ನ ನನ್ನ ಕೈ ಏಳಂಗಿಲ್ಲ.' ಏಳಲಿಲ್ಲ ನೋಡ್ರಿ! ಖಣಿಗಿ ಹೋಗಿ ಫರಸಿಕಲ್ಲು ಒಡದ. ಭೀಮ ಜಯಂತಿಗಿ ಒಂದು ದಿನ ಹಲಗಿ ಹಿಡೀತಿದ್ದ, ಅಷ್ಟೇ. ಸೊಕ್ಕು ಬಂದದ ಅಂದ್ರು ಮಂದಿ. ಹೌದ್ರೀ, ಸೊಕ್ಕು! ಸೊಕ್ಕಿನ ಗಂಡನ ಸಂಗಟ ಬಾಳೇ ಮಾಡೀನಿ ನಾ, ತಲಿ ತಗ್ಗಿಸಾಂವನ ಸಂಗಟ ಅಲ್ಲ.

"ಆರು ವರ್ಷ ಆಯ್ತು ಅಂವ ಹೋಗಿ. ಅಂಗಳದಾಗ ಒಂದು ಫರಸಿ ಮ್ಯಾಲ ಕುಂದ್ರಿಸಿ ಮೈ ತೊಳದ್ವಿ. ನಮ್ಮ ಓಣ್ಯಾಗ ಒಂದು ರಿವಾಜ್ ಅದ, ಹೆಣದ ನೀರು ಕುಡದ ಕಲ್ಲು ಮತ್ತ ಬಳಸಂಗಿಲ್ಲ, ಹಿತ್ತಲದಾಗ ಬೋರಲ ಹಾಕಿ ಬಿಡಾದು. ಹಾಕಿದ್ವಿ.

"ಮುಂದ ಏನಾಯ್ತು... ಈಕಿ ಲುಂಬಿನಿ ಕಾಲೇಜ್ ಕಲ್ಯಾಕ ಹೋದಾಕಿ ಗಿಟಾರ್ ಹಿಡಕೊಂಡು ಬಂದ್ಳು. ಅದೂ ನಾಕ ತಂತೀದು, ತಗ್ಗ ದನೀದು. ಹೈದ್ರಾಬಾದದಿಂದ ಹಳೀ ಆಂಪ್ಲಿಫೈಯರ್ ತಂದ್ಳು. ನನ್ನ ತಮ್ಮ ವಿಠೋಬಾ, ಬಡಗಿ, ಎಷ್ಟೋ ವರ್ಷ ಪುಣಾದಾಗ ಇದ್ದಾಂವ ಆಗಷ್ಟೇ ಊರಿಗಿ ಬಂದಿದ್ದ, ಅಂವ ಪ್ಲೈವುಡ್ ಡಬ್ಬಾ ಮಾಡಿಕೊಟ್ಟ. ಆದ್ರ ತಗ್ಗ ಸುರ ಬಾರಿಸಿದ್ಳು ಅಂದ್ರ ಡಬ್ಬಾ ಕುಣಕೋತ ಕುಣಕೋತ ಹೊಚ್ಚಲದ ತನಕ ಬರ್ತಿತ್ತು! ಶಹಾಬಾದ ಮಂದಿಗಿ ಒಂದು ಸಾಮಾನು ಅಲಗಾಡಿದ್ರ ಏನು ತೋಚ್ತದ, ಹೇಳ್ರಿ? ಫರಸಿ! ನೀರಿನ ಬ್ಯಾರಲ್ ಕೆಳಗ ಫರಸಿ, ಟಿವಿ ಕೆಳಗ ಫರಸಿ. ನಾ ಐನಾಪುರಕ್ಕ ತಂಗಿ ಮನಿಗಿ ಹೋಗೀನಿ, ವಿಠೋಬಾ ಹಿತ್ತಲದಾಗ ಬೋರಲ ಬಿದ್ದ ಕಲ್ಲು ನೋಡ್ಯಾನ, ಛಲೋ ಅದ ಅಂದಾನ, ಅಳತಿಗಿ ಕೊಯ್ದು ಡಬ್ಬಾದ ತಳಕ್ಕ ಹಾಕಿ ಬೋಲ್ಟ್ ಬಿಗದಾನ.

"ಬಂದು ನೋಡ್ತೀನಿ, ಹಿತ್ತಲದಾಗ ಕಲ್ಲಿಲ್ಲ. 'ಎಲೋ ಹುಚ್ಚಪ್ಯಾ, ಅದು ನಿಮ್ಮ ಭಾವನ ಮೈ ತೊಳದ ಕಲ್ಲೋ!' ಅಂತ ಚೀರಿದೆ. ಅಂವ ಪಾಪ ಬಾಯಿ ಬಾಯಿ ಬಡಕೊಂಡ. ಅಷ್ಟರಾಗ ಈಕಿ ಸ್ವಿಚ್ ಹಾಕಿ ಒಂದು ತಂತಿ ಎಳದ್ಳು... ಏನಂತ ಹೇಳ್ಲಿ? ಡಬ್ಬಾ ಮಿಸುಕಲಿಲ್ಲ. ದನಿ ನೆಲದಾಗಿಂದ ಎದ್ದು ಬಂದು ಎದಿಗಿ ಹತ್ತಿತು. ಕಲ್ಲು ತಗೀ ಅನ್ನಾಕ ನನಗ ಬಾಯಿ ಬರಲಿಲ್ಲ.

"ಅವತ್ತಿನಿಂದ, ಸ್ವಿಚ್ ತಗದ ಮ್ಯಾಲೂ ಡಬ್ಬಾಕ್ಕ ಅಂಗೈ ಇಟ್ರ ಒಳಗ ಬಡೀತಿತ್ತು. ಢಮ್, ಢಮ್... ಕಡೀದು ತಡದು. 'ಕೆಪ್ಯಾಸಿಟರ್‌ದಾಗ ಕರೆಂಟ್ ಉಳೀತದ ಆಯಿ' ಅಂತಾಳ ಈಕಿ. ಆಗ್ಲಿ ತಾಯಿ, ಮೂವತ್ತೆಂಟು ವರ್ಷ ನಾ ಕೆಪ್ಯಾಸಿಟರ್ ಸಂಗಟನೇ ಬಾಳೇ ಮಾಡೀನಿ ಅಂದೆ!"

ಅಡುಗೆಮನೆಯಲ್ಲಿ ಲುಂಬಿನಿ ನಕ್ಕಳು. ರತ್ನದೀಪನಿಗೆ ನಗು ಬರಲಿಲ್ಲ. ಅವನ ಮೊಣಕಾಲು ಡಬ್ಬಾಕ್ಕೆ ತಾಗುವಷ್ಟು ಹತ್ತಿರವಿತ್ತು. ಅವನು ಮೆಲ್ಲಗೆ ಕಾಲು ಎಳೆದುಕೊಂಡ.

"ಹೋದ ವರ್ಷ ಅದೇ ವಾಡೇದಿಂದ ಫೋನ್ ಬಂತು. ಮೊಮ್ಮಗನ ಲಗ್ನದ ರಿಸೆಪ್ಷನ್ ಅದ, ಈಕಿ ಬ್ಯಾಂಡ್ ಬೇಕು ಅಂತ. ಅದು ಯಾವ ಮನಿ ಅಂತ ಈಕಿಗಿ ಗೊತ್ತಿಲ್ಲ, ನನಗ ಗೊತ್ತು. ನಾನೂ ಬರ್ತೀನಿ ನಡೀ ಅಂದೆ. ಯಾಕಂತೀರಿ? ಅಂವ ಎಂದೂ ಹತ್ತದ ಮೆಟ್ಟಲಾ ಅವನ ಮೊಮ್ಮಗಳು ಹತ್ತಾದು ಈ ಕಣ್ಣಿಲೆ ನೋಡಬೇಕಾಗಿತ್ತು.

"ಸಂಜಿ ನಾಕಕ್ಕ ಹೋಗಿ ಮುಟ್ಟಿದ್ವಿ. ಸಣ್ಣ ಧಣಿ ಬಂದ. ಈಕಿ ಹೆಸರ ಕೇಳ್ದ, ಓಣಿ ಕೇಳ್ದ, ಮಾರಿ ತಿರುವಿದ. 'ಸ್ಟೇಜ್ ತುಂಬ್ಯಾದ, ನೀವು ಅಲ್ಲೇ ಬಾಗಲ ಬಾಜೂಕ ಹಚ್ಚಿಕೋರಿ' ಅಂದ. ಅದೇ ಜಾಗಾ, ತಮ್ಮಾ! ಅದೇ ಚಪ್ಪಲಿ ರಾಶಿ! ಇವರ ಬ್ಯಾಂಡಿನಾಗ ಗಿಟಾರ್ ಬಾರಸಾ ಸುರೇಶಕುಮಾರ ಏನಂದ ಗೊತ್ತೇನು? ಈಗ ನೀ ಅಂದ್ಯಲ್ಲ, ಅದೇ. ಇರ್ಲಿ ಬಿಡ್ರಿ, ಇಲ್ಲಿ ಕೆಟ್ಟ ಹೆಸರ ಬಂದ್ರ ಮತ್ಯಾರೂ ಕರಿಯಂಗಿಲ್ಲ ಅಂತ. ಈಕಿ ತುಟಿ ಕಚ್ಚಿಕೊಂಡು ವೈರ್ ಹಚ್ಚಿದ್ಳು.

"ಗಿಟಾರ್ ನುಡೀತು, ಡ್ರಮ್ ನುಡೀತು. ಬೇಸ್? ಹೂಂ ಇಲ್ಲ, ಹಾಂ ಇಲ್ಲ! ಆಂಪ್ಲಿಫೈಯರ್‌ದಾಗ ಲೈಟ್ ಅದ, ವೈರ್ ಬದಲಿ ಮಾಡಿದ್ರು, ತಂತಿ ಬದಲಿ ಮಾಡಿದ್ರು, ಏನೂ ಇಲ್ಲ. ಮಂದಿ ನಗಾಕತ್ರು, ಫೋನ್ ಎತ್ತಿ ವಿಡಿಯೋ ಮಾಡಾಕತ್ರು. 'ಬಾರಸಾಕ ಬರಂಗಿಲ್ಲಂದ್ರ ಮನಿಗಿ ನಡೀರಿ' ಅಂದ ಸಣ್ಣ ಧಣಿ. 'ಆಯಿ, ಮಾನ ಹೋಯ್ತು' ಅಂತ ಈಕಿ ಕಣ್ಣಾಗ ನೀರು. ನಾ ಹೋಗಿ ಡಬ್ಬಾಕ್ಕ ಅಂಗೈ ಇಟ್ಟೆ. ಅಯ್ಯಯ್ಯ... ತಣ್ಣಗ. ಆರು ವರ್ಷದ ಹಿಂದ ತೊಳದ ಮೈ ಹೆಂಗ ಇತ್ತೋ ಹಂಗ. ಆಗ ನನಗ ತಿಳೀತು. 'ಅಳಬ್ಯಾಡ' ಅಂದೆ, 'ಡಬ್ಬಾ ಕೆಟ್ಟಿಲ್ಲ. ಇಲ್ಲಿ ನಿಂತು ಅಂವ ಬಾರಸಂಗಿಲ್ಲ. ನಡೀ, ಮ್ಯಾಲ ಒಯ್ಯಮು.'

"ನಾಕ ಮಂದಿ ಎತ್ತಾ ಡಬ್ಬಾ ಅದು. ಒಂದು ಕಡಿ ಈಕಿ ಹಿಡದ್ಳು, ಒಂದು ಕಡಿ ಈ ಮುದುಕಿ. ಖಾಲಿ ಬುಟ್ಟಿ ಎತ್ತಿದಂಗ ಬಂತು! ಮಂದ್ಯಾಗ ಹಾದು ಹೊಂಟ್ವಿ. ಸಣ್ಣ ಧಣಿ 'ಏ ಮುದುಕೀ!' ಅಂತ ಅಡ್ಡ ಬಂದು ಡಬ್ಬಾಕ್ಕ ಕೈ ಹಚ್ಚಿದ. ಹಚ್ಚಿದಾಂವ ಸುಟ್ಟಂಗ ಕೈ ತಗದು ಬಾಜೂ ಸರದ. ಒಳಗ ಏನು ಹತ್ತಿತೋ, ಇವತ್ತಿಗೂ ಯಾರ ಮುಂದೂ ಹೇಳಿಲ್ಲಂತ. ಒಂದೊಂದೇ ಮೆಟ್ಟಲಾ ಹತ್ತಿ, ಕುರ್ಚಿ ನಡುವ ಇಟ್ವಿ. ಆಂಪ್ಲಿಫೈಯರ್ ಕೆಳಗೇ ಉಳದದ, ವೈರ್ ಸುರೇಶಕುಮಾರನ ಕೈಯಾಗ ಅದ, ಡಬ್ಬಾಕ್ಕ ಏನಂದ್ರ ಏನೂ ಹಚ್ಚಿಲ್ಲ...

"ನುಡೀತು, ತಮ್ಮಾ. ಢಮ್, ಢಮ್... ಇಡೀ ಚಪ್ಪರ ಉಸುರು ಹಿಡಕೊಂಡು ನಿಂತದ... ಢಮ್!

"ಮುದಿ ಧಣಿ, ತೊಂಬತ್ತರ ಮುದುಕ, ಕುರ್ಚಿ ಹಿಡಕೊಂಡು ಎದ್ದು ನಿಂತ. 'ಕಲ್ಯಾಣಪ್ಪ ಬಂದಾನ' ಅಂದ. 'ಹೊರಗ ಯಾಕ ನಿಂದ್ರಿಸೀರಿ? ಒಳಗ ಕರೀರಿ ಅವರಿಗಿ' ಅಂದ. ಅವರಿಗಿ ಅಂದ, ಕೇಳ್ರಿ! ಅಂವ ಬದುಕಿದ್ದಾಗ ಒಂದು ದಿನ ಬರದ ಮಾತು ಅದು. ನನ್ನ ಮೊಮ್ಮಗಳು ಅಳಲಿಲ್ಲ, ಅಂಜಲಿಲ್ಲ. ಆಂಪ್ಲಿಫೈಯರ್ ತರಿಸಿದ್ಳು, ಗಿಟಾರ್ ಹಾಕಿಕೊಂಡ್ಳು, ಮುತ್ಯಾನ ಏಟಿಗಿ ತನ್ನ ಏಟು ಕೂಡಿಸಿದ್ಳು. ಎರಡು ತಾಸು ಬಾರಿಸಿದ್ರು ಇಬ್ರೂ. ನಾ ಆ ಸ್ಟೇಜಿನ ಮ್ಯಾಲ, ದೊಡ್ಡ ಮಂದಿ ಕುರ್ಚಿಮ್ಯಾಲ ಕುಂತು ನೋಡೀನಿ. ಇನ್ನ ನನಗ ಸಾವು ಬಂದ್ರೂ ಖುಷಿನೇ."

ಮಳೆಯ ಸದ್ದು ಇಳಿಯುತ್ತ ಬಂದಿತ್ತು. ಮುಕ್ರಮ ಕೇಳಿದ, "ಅಂದ್ರ ದೆವ್ವನೇನ್ರಿ, ಆಯಿ?"

"ನಾವು ಬುದ್ಧನ ಹಾದಿ ಮಂದಿ, ಯಪ್ಪಾ. ದೆವ್ವ ಗಿವ್ವ ನಂಬಂಗಿಲ್ಲ. ಆದ್ರ ನಾ ನಂಬಲ್ಲಂದ್ರ ಅಂವ ಬರಾದು ಬಿಡ್ತಾನೇನು?"

ಜನರೇಟರಿನ ಪಕ್ಕ ನಿಲ್ಲುತ್ತೇನೆಂದು ಒಪ್ಪಿಕೊಂಡಾಗ ತನ್ನ ದನಿ ಎಷ್ಟು ಸಣ್ಣದಾಗಿತ್ತು ಎಂಬುದು ರತ್ನದೀಪನಿಗೆ ಈಗ ನೆನಪಾಗಿ ನಾಚಿಕೆಯಾಯಿತು. ಫೋನ್ ತೆಗೆದು ಚಿತ್ತಾಪುರದ ಕಲೀಮನಿಗೆ ಹಚ್ಚಿದ. ಕಾರ್ಯಕ್ರಮ ನಡೆಸುವವನು ಅವನೇ.

"ಕಲೀಮ್ ಭಾಯ್, ನಮಗ ಸ್ಟೇಜ್ ಮ್ಯಾಲ ಜಾಗಾ ಬೇಕು... ಇಲ್ಲ, ಕೆಳಗ ಆಗಂಗಿಲ್ಲ... ಇಲ್ಲಾಂದ್ರ ನಾವು ಬರಂಗಿಲ್ಲ, ಬ್ಯಾರೆ ಬ್ಯಾಂಡ್ ನೋಡಿಕೋರಿ." ಆಚೆಯಿಂದ ಗದ್ದಲ, ಬೈಗುಳ. ಮುಕ್ರಮ ಗೆಳೆಯನ ಮುಖವನ್ನೇ ನೋಡುತ್ತಿದ್ದ. ರತ್ನದೀಪ ಫೋನ್ ಇಳಿಸಿದ. "ಹೂಂ ಅಂದ. ನಾಕ ಕುರ್ಚಿ ತಗಸ್ತಾನಂತ."

"ಶಾಬಾಸ್!" ಎಂದು ಪೀರಮ್ಮ ಅವನ ಬೆನ್ನಿಗೆ ಒಂದು ಗುದ್ದಿದಳು.

ಲುಂಬಿನಿ ಬಿಸಿ ರೊಟ್ಟಿಯ ಬುಟ್ಟಿ, ಪುಂಡಿಪಲ್ಯದ ಪಾತ್ರೆ ತಂದಿಟ್ಟು ತಾಟು ಹಾಕತೊಡಗಿದಳು. ಮನೆಯಲ್ಲಿದ್ದವರು ನಾಲ್ವರು. ಅವಳು ಹಾಕಿದ್ದು ಐದು ತಾಟು. ಐದನೆಯದಕ್ಕೆ ಎರಡು ರೊಟ್ಟಿ, ಪಲ್ಯ, ಒಂದು ಉಳ್ಳಾಗಡ್ಡಿ ಇಟ್ಟು, ಡಬ್ಬಾದ ಮುಂದೆ ಸರಿಸಿ, ಏನೂ ಆಗಿಲ್ಲವೆಂಬಂತೆ ತನ್ನ ತಾಟಿನ ಮುಂದೆ ಕುಳಿತಳು. ರತ್ನದೀಪನ ಕೈ ತುತ್ತಿನ ಮೇಲೆ ನಿಂತುಬಿಟ್ಟಿತು.

"ನಾಳಿಗಿ ನಿಮ್ಮ ಸಂಗಟ ಬರಾಂವ ಇದ್ದಾನಲ್ಲ, ತಮ್ಮಾ," ಎಂದಳು ಪೀರಮ್ಮ, "ದೂರದ ಹಾದಿ, ಉಂಡು ಬರ್ಲಿ. ನಿಮ್ಮ ತಾಟ ನೀವು ನೋಡಿಕೋರಿ. ಯಾರರ ನೋಡಿದ್ರ ಅಂವ ಉಣ್ಣಂಗಿಲ್ಲ."