ವೇಣೂರಿನಿಂದಾಚೆ ಏಳನೇ ನಂಬರ್ ಸೈಕಲ್

ನನ್ನ ಹೆಸರು ನೇಮಿರಾಜ ಜೈನ್, ತಂದೆ ದಿವಂಗತ ವೀರರಾಜ, ಪ್ರಾಯ 53 ವರ್ಷ, ಕಸುಬು ಬಾಡಿಗೆ ಸೈಕಲ್ ಅಂಗಡಿ ಮತ್ತು ಸೈಕಲ್ ರಿಪೇರಿ, ವಾಸ ಜೈನ ಪೇಟೆ, ಮೂಡಬಿದ್ರಿ, ಕಾರ್ಕಳ ತಾಲೂಕು. ಈ ದಿನ ಬೆಳ್ತಂಗಡಿ ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಲೋಕನಾಥರವರ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಕಾಣೆಯಾಗಿರುವುದಿಲ್ಲ. ಇಬ್ಬರು ಹಿಪ್ಪಿಗಳು ನನಗೆ ಮದ್ದು ಹಾಕಿ ಕರೆದುಕೊಂಡು ಹೋಗಿದ್ದಾರೆಂದು ನನ್ನ ಹೆಂಡತಿ ರಾಜಮತಿಯು ನಿನ್ನೆ ಸಂಜೆ 7 ಗಂಟೆಗೆ ಮೂಡಬಿದ್ರಿ ಠಾಣೆಯಲ್ಲಿ ಕೊಟ್ಟ ದೂರಿಗೆ ಸಂಬಂಧಿಸಿ ನಡೆದ ವಿಷಯ ಈ ಕೆಳಗಿನಂತಿದೆ.

ನಾನು 24 ವರ್ಷಗಳಿಂದ ಸೈಕಲ್ ಬಾಡಿಗೆಗೆ ಕೊಡುತ್ತಿದ್ದೇನೆ. ಒಂದರಿಂದ ಹನ್ನೊಂದರ ತನಕ ನಂಬರ್ ಬರೆದ ಹನ್ನೊಂದು ಸೈಕಲುಗಳಿವೆ. ಅಂಗಡಿಯ ಮುಂದೆ ನಾನೇ ಕೆಂಪು ಬಣ್ಣದಲ್ಲಿ ಬರೆದ ಬೋರ್ಡು ಇದೆ. ಅದರಲ್ಲಿ ಎರಡು ನಿಯಮಗಳಿವೆ. ವೇಣೂರಿನಿಂದ ಆಚೆಗೆ ಸೈಕಲ್ ಕೊಂಡುಹೋಗಕೂಡದು. ಸಂಜೆ 5 ಗಂಟೆಯೊಳಗೆ ತಂದು ಒಪ್ಪಿಸತಕ್ಕದ್ದು. ನಾವು ಜೈನರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರಾದ್ದರಿಂದ ಎರಡನೇ ನಿಯಮ. ಇದೇ ಕಾರಣದಿಂದ ನಾನು ಸಹ ಇಷ್ಟು ವರ್ಷ ಸೈಕಲಿನಲ್ಲಿ ವೇಣೂರಿನಿಂದ ಆಚೆಗೆ ಹೋದವನಲ್ಲ. ಚಾರ್ಮಾಡಿ ಘಟ್ಟವನ್ನು ಬಸ್ಸಿನಲ್ಲಿ ಎರಡು ಸಲ ಹತ್ತಿದ್ದೇನೆ, ಎರಡು ಸಲವೂ ವಾಂತಿ ಮಾಡಿಕೊಂಡು ಕಣ್ಣು ಮುಚ್ಚಿದ್ದರಿಂದ ಏನನ್ನೂ ನೋಡಿಲ್ಲ. ಸೈಕಲಿನಲ್ಲಿ ಒಮ್ಮೆ ಹತ್ತಬೇಕೆಂಬ ಆಸೆ ನನಗೆ ಮದುವೆಗೆ ಮೊದಲಿನಿಂದಲೂ ಇತ್ತು. ಈ ವಾಕ್ಯ ಬರೆಯುವ ಅಗತ್ಯವಿಲ್ಲವೆಂದು ಹೆಡ್ ಕಾನ್ಸ್‌ಟೇಬಲ್‌ರವರು ಹೇಳಿದರು. ಅಗತ್ಯವಿದೆಯೆಂದು ನಾನು ಹಟ ಹಿಡಿದದ್ದರಿಂದ ಬರೆಯಲಾಗಿದೆ.

ದಿನಾಂಕ 8-12-1977ರಂದು ಬೆಳಿಗ್ಗೆ 9-40 ಗಂಟೆಗೆ ಒಬ್ಬ ಬಿಳಿಯ ಹೆಂಗಸು ಮತ್ತು ಒಬ್ಬ ದಪ್ಪ ಮೀಸೆಯ ಗಂಡಸು ಎರಡು ಸೈಕಲುಗಳಲ್ಲಿ ನನ್ನ ಅಂಗಡಿಗೆ ಬಂದರು. ಹೆಂಗಸಿನ ಹೆಸರು ಇಂಗ, ದೇಶ ಡೆನ್ಮಾರ್ಕ್, ಕೆಲಸದಿಂದ ನಿವೃತ್ತರಾದ ನರ್ಸ್. ನನಗಿಂತ ಮೂರು ವರ್ಷ ದೊಡ್ಡವರಾದ್ದರಿಂದ ಮುಂದೆ ಇಂಗಕ್ಕ ಎಂದು ಹೇಳುತ್ತೇನೆ. ಗಂಡಸಿನ ಹೆಸರು ಯೂಸುಫ್, ದೇಶ ಟರ್ಕಿ, ಕಸುಬು ಕ್ಷೌರ. ಇವರು ಹಿಪ್ಪಿಗಳಲ್ಲ. ಇಂಗಕ್ಕನವರು ತಮ್ಮ ಮನೆಯ ಅಂಗಳದಿಂದ ಸೈಕಲ್ ತುಳಿದು ಎಂಟು ದೇಶ ದಾಟಿ ಬಂದವರು. ಘಟ್ಟ ಹತ್ತಿ ಮದರಾಸಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಹೋಗಿ ಆಸ್ಟ್ರೇಲಿಯಾದಲ್ಲಿ ಮತ್ತೆ ತುಳಿಯುತ್ತಾರಂತೆ. ಅವರ ಹಿಂದಿನ ಚಕ್ರದ ನಾಲ್ಕು ಸ್ಪೋಕ್ ತುಂಡಾಗಿ ಚಕ್ರ ಹಾವಿನ ಹಾಗೆ ಓಡುತ್ತಿತ್ತು. ನಾನು ಸ್ಪೋಕ್ ಹಾಕಿ, ಬೆಂಡ್ ತೆಗೆದು, 11-15ಕ್ಕೆ ಕೊಟ್ಟೆ. ಇಂಗಕ್ಕನವರು ಚಕ್ರವನ್ನು ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ, ಇಷ್ಟು ನೇರವಾಗಿ ಇದು ತಮ್ಮ ಊರಿನಲ್ಲೂ ತಿರುಗಿರಲಿಲ್ಲ ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಬಹಳ ಹೆಮ್ಮೆಯಾಯಿತು.

ಮಧ್ಯಾಹ್ನ 12 ಗಂಟೆಗೆ ಅವರನ್ನು ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದೆನು. ಬಡಿಸಿದ್ದು ರಾಜಮತಿ. ಯೂಸುಫ್‌ನಿಗೆ ಹಲಸಿನ ಹಪ್ಪಳ ಇಷ್ಟವಾಯಿತೆಂದು ಮತ್ತೆ ಎರಡು ಸಲ ಕರಿದು ಹಾಕಿದ್ದೂ ಅವಳೇ. ಮಧ್ಯಾಹ್ನ ಹಪ್ಪಳ ಹಾಕಿದವಳೇ ಸಂಜೆ ದೂರು ಕೊಟ್ಟದ್ದು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಮನೆಯಲ್ಲಿ ಉಂಡ ನೆಂಟರನ್ನು ಸ್ವಲ್ಪ ದೂರ ಜೊತೆಗೆ ಹೋಗಿ ಕಳುಹಿಸಿ ಬರುವುದು ನಮ್ಮಲ್ಲಿ ಕ್ರಮ. ನಡೆದುಕೊಂಡು ಬಂದವರನ್ನು ಬೇಲಿಬಾಗಿಲಿನ ದಣಪೆಯ ತನಕ, ಬಸ್ಸಿನವರನ್ನು ಬಸ್ ನಿಲ್ದಾಣದ ತನಕ. ಸೈಕಲಿನಲ್ಲಿ ಬಂದವರನ್ನು ಎಲ್ಲಿಯ ತನಕ ಎಂಬುದು ನನಗೆ ಗೊತ್ತಿರಲಿಲ್ಲ. ಇಷ್ಟೇ ನಾನು ಮಾಡಿದ ತಪ್ಪು. ಬೇಗ ಬರುತ್ತೇನೆಂದು ಅಂಗಡಿ ಬಾಗಿಲಿನ ಐದು ಹಲಗೆಗಳಲ್ಲಿ ಎರಡನ್ನು ಮಾತ್ರ ಹಾಕಿ, ಏಳನೇ ನಂಬರ್ ಸೈಕಲ್ ತೆಗೆದುಕೊಂಡು 1-10 ಗಂಟೆಗೆ ಅವರ ಜೊತೆ ಹೊರಟೆನು.

ಪೇಟೆ ಮುಗಿಯುವಲ್ಲಿ ನಿಲ್ಲಬೇಕೆಂದಿದ್ದೆ. ಅಲ್ಲಿ ಇಳಿಜಾರು ಇದ್ದುದರಿಂದ ನಿಲ್ಲಲಿಲ್ಲ. ಇಳಿಜಾರಿನ ಕೆಳಗೆ ನಿಲ್ಲಬೇಕೆಂದಾಗ ಯೂಸುಫ್ ಏನೋ ಹಾಡು ಹೇಳುತ್ತಿದ್ದ, ಹಾಡಿನ ನಡುವೆ ನಿಲ್ಲಿಸುವುದು ಮರ್ಯಾದೆಯಲ್ಲವೆಂದು ಸುಮ್ಮನಾದೆ. ಹೀಗೆ 2-35 ಗಂಟೆಗೆ ವೇಣೂರಿಗೆ ತಲುಪಿದೆವು. ಅಲ್ಲಿ ನಾನು ಒಂದು ಕಾಲು ನೆಲಕ್ಕೆ ಊರಿ ಹದಿನೈದು ನಿಮಿಷ ನಿಂತೆನು. ಮುಂದೆ ಏನುಂಟು ಎಂದು ಇಂಗಕ್ಕನವರು ಕೇಳಿದರು. ನನಗೆ ಗೊತ್ತಿಲ್ಲವೆಂದು ಹೇಳಿದೆನು. ಹಾಗಾದರೆ ನೋಡಿ ಬರುವ ಎಂದು ಅವರು ಹೇಳಿದರು. ನಾನೇ ಬರೆದ ಬೋರ್ಡನ್ನು ನಾನೇ ಮೀರಿದ ಸಮಯ 2-50. ನನಗೆ ಯಾರೂ ಮದ್ದು ಹಾಕಿರಲಿಲ್ಲ. ಆ ಹೊತ್ತಿಗೆ ನಾನು ಕುಡಿದಿದ್ದುದು ನಮ್ಮ ಮನೆಯ ಮಜ್ಜಿಗೆ ಮಾತ್ರ.

ಗುರುವಾಯನಕೆರೆ ದಾಟಿ 4-30 ಗಂಟೆಗೆ ಬೆಳ್ತಂಗಡಿ ಬಸ್ ನಿಲ್ದಾಣಕ್ಕೆ ಬಂದೆವು. ಅಲ್ಲಿ ನನಗೆ ಮೊದಲ ಬಾರಿಗೆ ಹೊತ್ತಿನ ನೆನಪಾಯಿತು. ಹಿಂದೆ ತಿರುಗಿದರೆ ಮನೆಗೆ 38 ಕಿಲೋಮೀಟರ್, ಹೊತ್ತು ಮುಳುಗುವ ಮೊದಲು ಮುಟ್ಟುವುದು ಸಾಧ್ಯವಿಲ್ಲ. ಯಾವ ಕಡೆಗೆ ತುಳಿದರೂ ಊಟ ದಾರಿಯಲ್ಲೇ. ದಾರಿಯಲ್ಲೇ ಉಣ್ಣುವುದಾದರೆ ಮುಂದೆ ಮುಖ ಮಾಡಿ ಉಣ್ಣುವುದು ಒಳ್ಳೆಯದೆಂದು ನನಗೆ ಅನಿಸಿತು. ಮೂಡಬಿದ್ರಿ ಬಸ್ಸಿನ ಕಂಡಕ್ಟರ್ ಅಣ್ಣು ಎಂಬವರಲ್ಲಿ, ನೆಂಟರನ್ನು ಕಳುಹಿಸಲು ಹೋಗುತ್ತಿದ್ದೇನೆ, ದಾರಿಯಲ್ಲಿ ಉಣ್ಣುತ್ತೇನೆ, ನಾಳೆ ಬರುತ್ತೇನೆ ಎಂದು ಮನೆಯಲ್ಲಿ ತಿಳಿಸಲು ಹೇಳಿದೆನು. ಅಣ್ಣುರವರು ಹೇಳಿದ್ದನ್ನು ಒಂದಕ್ಷರ ಬಿಡದೆ ಮುಟ್ಟಿಸಿದ್ದಾರೆ, ಅವರ ತಪ್ಪಿಲ್ಲ. ಸ್ವಂತ ತಂಗಿಯ ಮದುವೆಯ ದಿನವೂ ದಾರಿಯಲ್ಲಿ ಉಣ್ಣದ ಮನುಷ್ಯ ಹೀಗೆ ಹೇಳಿ ಕಳುಹಿಸಬೇಕಾದರೆ ತಲೆ ಸರಿ ಇರಲಿಕ್ಕಿಲ್ಲ ಎಂದು ರಾಜಮತಿ ಲೆಕ್ಕ ಹಾಕಿದ್ದಾಳೆ.

ಉಜಿರೆಯಲ್ಲಿ ಅವಲಕ್ಕಿ, ಬೆಲ್ಲ ಮತ್ತು ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡೆವು. 5-25 ಗಂಟೆಗೆ ಮುಂಡಾಜೆಗಿಂತ ಸ್ವಲ್ಪ ಈಚೆಗೆ ಒಂದು ಗದ್ದೆಯ ಬದುವಿನಲ್ಲಿ ನಾನು ಎಲ್ಲರನ್ನೂ ನಿಲ್ಲಿಸಿದೆನು. ಕಾರಣ ವಿವರಿಸಿದೆನು. ಇಂಗಕ್ಕನವರು ಗಡಿಯಾರ ಕಟ್ಟುವವರಲ್ಲ, ಆದರೂ ಆಕಾಶ ನೋಡಿ ಇನ್ನು ಅರ್ಧ ಗಂಟೆ ಉಂಟೆಂದು ಸರಿಯಾಗಿ ಹೇಳಿದರು. ತಾವೂ ಈ ಹೊತ್ತು ಇದೇ ಕ್ರಮದಲ್ಲಿ ಉಣ್ಣುತ್ತೇವೆಂದು ಇಬ್ಬರೂ ಕುಳಿತರು. ಯೂಸುಫ್ ಪ್ರತಿ ತುತ್ತಿಗೂ ಸೂರ್ಯನನ್ನು ನೋಡಿ, ಇನ್ನೂ ಉಂಟು, ತಿನ್ನಿ ಎಂದು ಕೈಯಲ್ಲಿ ತೋರಿಸುತ್ತಿದ್ದ. ನಕ್ಕು ನಕ್ಕು ನನಗೆ ಅವಲಕ್ಕಿ ಗಂಟಲಲ್ಲಿ ಸಿಕ್ಕಿತು. 6-03ಕ್ಕೆ ಸೂರ್ಯ ಮುಳುಗಿದನು. ದಿನಾ ಆ ಹೊತ್ತಿಗೆ ನಾನು ಊಟ ಮುಗಿಸಿ ಅಡಿಗೆಮನೆಯಲ್ಲೇ ಗೋಡೆಗೆ ಒರಗಿ ಕುಳಿತಿರುವವನು, ಆದ್ದರಿಂದ ಸೂರ್ಯ ಮುಳುಗುವುದನ್ನು ಪೂರ್ತಿ ನೋಡಿದ್ದು ಇದೇ ಮೊದಲು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

6-35 ಗಂಟೆಗೆ ಕಕ್ಕಿಂಜೆಯಲ್ಲಿ ಅಬ್ದುಲ್ ಸಮದ್ ಎಂಬವರ ಚಾದಂಗಡಿಗೆ ತಲುಪಿದೆವು. ಇವರು ಹಿಂದೆ ಮೂಡಬಿದ್ರಿಯಲ್ಲಿ ಕೆಲಸಕ್ಕಿದ್ದಾಗ ನನ್ನ ಮೂರನೇ ನಂಬರ್ ಸೈಕಲನ್ನು ವೇಣೂರಿನಿಂದ ಆಚೆಗೆ ಕೊಂಡುಹೋಗಿ ಸಿಕ್ಕಿಬಿದ್ದು ನನ್ನಿಂದ ಬೈಸಿಕೊಂಡವರು. ನನ್ನನ್ನು ನೋಡಿದ ಕೂಡಲೇ ಸಮದ್‌ರವರು, “ಇದೆಂಥ ನೇಮಣ್ಣ, ವೇಣೂರು ಇಷ್ಟು ಹತ್ತಿರ ಬಂತಾ ಮಾರಾಯ್ರೆ?” ಎಂದು ಕೇಳಿದರು. ನಾನು ಸೈಕಲನ್ನು ಗೋಡೆಗೆ ಒರಗಿಸಿದೆನು. ಅವರ ತಾಯಿ ಆಯಿಶಮ್ಮನವರು ನಮಗೆ ಮಲಗಲು ಚಾವಡಿಯಲ್ಲಿ ಚಾಪೆ ಹಾಕಿಸಿದರು. ನನಗೆ ಊಟಕ್ಕೆ ಒತ್ತಾಯ ಮಾಡಲಿಲ್ಲ, ನಮ್ಮ ಕ್ರಮ ಅವರಿಗೆ ಗೊತ್ತು. ಯೂಸುಫ್ ಮತ್ತು ಆಯಿಶಮ್ಮನವರ ನಡುವೆ ಸಲಾಂ ಬಿಟ್ಟರೆ ಒಂದು ಮಾತೂ ಹೊಂದುತ್ತಿರಲಿಲ್ಲ, ಆದರೂ ಇಬ್ಬರೂ ಬಹಳ ಹೊತ್ತು ಮಾತನಾಡಿದರು.

ಅಲ್ಲಿಯೇ ನಾನು ಯೂಸುಫ್‌ನ ಸಂಗತಿ ತಿಳಿದದ್ದು. ಅವನು ಇಂಗಕ್ಕನವರ ಜೊತೆ ಮೊದಲಿನಿಂದ ಹೊರಟವನಲ್ಲ. ಅವರು ಅವನ ಊರಿನಲ್ಲಿ ಒಂದು ರಾತ್ರಿ ಅವನ ತಾಯಿಯ ಮನೆಯಲ್ಲಿ ಉಳಿದರಂತೆ. ನೆಂಟರಾದ್ದರಿಂದ ಮಾರನೇ ದಿನ ಮುಂದಿನ ಊರಿನ ತನಕ ಕಳುಹಿಸಿ ಬರುತ್ತೇನೆಂದು ಕ್ಷೌರದಂಗಡಿಯ ಬಾಗಿಲನ್ನು ಅರ್ಧ ಎಳೆದು ಹೊರಟನಂತೆ. ಅದು ನಡೆದು ಈಗ ಹದಿನಾಲ್ಕು ತಿಂಗಳು. ಅಂಗಡಿಯನ್ನು ಅವನ ತಮ್ಮ ನೋಡಿಕೊಳ್ಳುತ್ತಾನೆ, ತಾಯಿಗೆ ಇವನು ಪ್ರತಿ ಊರಿನಿಂದ ಕಾಗದ ಹಾಕುತ್ತಾನೆ.

ದಿನಾಂಕ 9-12-1977ರಂದು ಬೆಳಿಗ್ಗೆ 6-50 ಗಂಟೆಗೆ ಆಯಿಶಮ್ಮನವರು ಕೊಟ್ಟ ಎಳನೀರು ಕುಡಿದು ಹೊರಟೆವು. 7-40 ಗಂಟೆಗೆ ಚಾರ್ಮಾಡಿಯ ಗೇಟಿನಲ್ಲಿ ಒಬ್ಬ ಪೊಲೀಸರು ಮೂಡಬಿದ್ರಿಯ ದೂರಿನ ಮೇಲೆ ನಮ್ಮನ್ನು ತಡೆದರು. ನನ್ನ ಹೆಸರು ಕೇಳಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಮದ್ದಿನ ಪರೀಕ್ಷೆಗಾಗಿ ಹದಿಮೂರರ ಮಗ್ಗಿ ಹೇಳಿಸಿದರು. ತಪ್ಪಿಲ್ಲದೆ ಹೇಳಿದೆನು. ಆದರೂ ಠಾಣೆಗೆ ಬರಲೇಬೇಕೆಂದರು. ಘಟ್ಟದ ಮೊದಲ ತಿರುವು ಅಲ್ಲಿಂದ ಕಾಣುತ್ತಿತ್ತು. ಅಲ್ಲಿಯ ತನಕ ತುಳಿದು ತಿರುಗಿ ಬರುತ್ತೇನೆ, ಐದು ನಿಮಿಷ ಸಾಕು ಎಂದು ಕೇಳಿಕೊಂಡೆನು. ಆಗುವುದಿಲ್ಲವೆಂದರು. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಅದನ್ನು ಮದ್ದಿನ ಲಕ್ಷಣವೆಂದು ಅವರು ಪುಸ್ತಕದಲ್ಲಿ ಬರೆದುಕೊಂಡಿದ್ದರೆ ಹೊಡೆದುಹಾಕಬೇಕಾಗಿ ವಿನಂತಿ. ಇಂಗಕ್ಕನವರು ನಾನು ಬರುವ ತನಕ ಸಮದ್‌ರವರ ಅಂಗಡಿಯಲ್ಲಿ ಕಾಯುತ್ತೇವೆ, ಘಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿದರು. 8-25ರ ಬಸ್ಸಿನ ಮೇಲೆ ಏಳನೇ ನಂಬರ್ ಸೈಕಲ್ ಹಾಕಿ ನನ್ನನ್ನು ಇಲ್ಲಿಗೆ ಕರೆತರಲಾಯಿತು.

9-20 ಗಂಟೆಗೆ ಠಾಣೆಗೆ ಬಂದಾಗ ರಾಜಮತಿಯು, ಅಣ್ಣುರವರು ನನ್ನನ್ನು ಕಂಡದ್ದು ಬೆಳ್ತಂಗಡಿಯಲ್ಲಾದ್ದರಿಂದ, ಮೊದಲ ಬಸ್ಸಿನಲ್ಲಿ ಇಲ್ಲಿಗೆ ಬಂದು ಬುತ್ತಿ ಹಿಡಿದುಕೊಂಡು ಬೆಂಚಿನಲ್ಲಿ ಕುಳಿತಿದ್ದಳು. ಎಲ್ಲಿ ಹೋಗಿದ್ದಿರಿ ಎಂದು ಕೇಳಲಿಲ್ಲ. “ನಿನ್ನೆ ಹೊತ್ತಿದ್ದ ಹಾಗೆ ತಿಂದಿದ್ದೀರಾ ಇಲ್ಲವಾ?” ಎಂದು ಕೇಳಿದಳು. 5-25ಕ್ಕೆ ತಿಂದೆನೆಂದೂ, ಅವರಿಬ್ಬರೂ ನನ್ನ ಜೊತೆಗೇ ತಿಂದರೆಂದೂ, ಯೂಸುಫ್ ಸೂರ್ಯನನ್ನು ಕಾಯುತ್ತಿದ್ದನೆಂದೂ ಹೇಳಿದೆನು. ಅವಳು ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ ಎಂದು ಆಗ ತಿಳಿಯಿತು. ನನಗೆ ನಾಚಿಕೆಯಾಯಿತು. ಹೆಡ್ ಕಾನ್ಸ್‌ಟೇಬಲ್‌ರವರ ಅನುಮತಿ ಪಡೆದು ಠಾಣೆಯ ಜಗಲಿಯಲ್ಲಿ ಅವಳಿಗೆ ಬುತ್ತಿ ಬಿಚ್ಚಿ ನಾನೇ ಬಡಿಸಿದೆನು. ಅವಳು ಅರ್ಧ ತಿಂದು ಉಳಿದದ್ದನ್ನು ಮತ್ತೆ ಕಟ್ಟಿದಳು.

ನಂತರ ಹೆಡ್ ಕಾನ್ಸ್‌ಟೇಬಲ್‌ರವರು ಇಲ್ಲಿಯ ತನಕದ ಹೇಳಿಕೆಯನ್ನು ಬರೆದುಕೊಂಡು ಇಬ್ಬರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಯೂಸುಫ್ ಕಳುಹಿಸಿ ಬರಲು ಹೊರಟು ಹದಿನಾಲ್ಕು ತಿಂಗಳಾಯಿತು ಎಂಬಲ್ಲಿಗೆ ಬಂದಾಗ ರಾಜಮತಿಯು ಬೆಂಚಿನಿಂದ ಎದ್ದು ನಿಂತಳು. ಪೂರ್ತಿ ಓದಿ ಆದ ಮೇಲೆ, ಹಾಗಾದರೆ ಊಟ ಹಾಕಿದ ನೆಂಟರನ್ನು ಘಟ್ಟದ ಬುಡದಲ್ಲಿ ಬಿಟ್ಟು ಬಂದಿದ್ದೀರಾ ಎಂದು ನನ್ನನ್ನು ಕೇಳಿದಳು. ಪೊಲೀಸರು ಕರೆತಂದರೆಂದು ಹೇಳಿದೆನು. “ಕಳುಹಿಸುವುದೆಂದರೆ ಹೀಗೆಯಾ? ಪೂರ್ತಿ ಕಳುಹಿಸಿ ಬನ್ನಿ. ಅಂಗಡಿ ನಾನು ನೋಡಿಕೊಳ್ತೇನೆ,” ಎಂದು ಹೇಳಿ ಬುತ್ತಿಯನ್ನು ಏಳನೇ ನಂಬರಿನ ಕ್ಯಾರಿಯರಿಗೆ ಅವಳೇ ಕಟ್ಟಿದಳು. ಅದರಲ್ಲಿ ಹಲಸಿನ ಹಪ್ಪಳವೂ ಉಂಟು.

ಆದ್ದರಿಂದ ದೂರನ್ನು ಇಲ್ಲಿಗೆ ಮುಗಿಸಿ, ನನ್ನನ್ನೂ ಸೈಕಲನ್ನೂ ಬಿಟ್ಟುಕೊಡಬೇಕಾಗಿ ಕೋರುತ್ತೇನೆ. ನಾನು ಈ ದಿನ ಹೊತ್ತು ಮುಳುಗುವ ಮೊದಲು ಮನೆಯಲ್ಲಿ ಇರುವುದಿಲ್ಲ. ದಯವಿಟ್ಟು ಯಾರೂ ಹುಡುಕಬಾರದಾಗಿ ಮುಂಚಿತವಾಗಿ ತಿಳಿಸಿರುತ್ತೇನೆ. ಇಲ್ಲಿ ಬರೆದದ್ದೆಲ್ಲವನ್ನೂ ನಾನು ಪೂರ್ಣ ಎಚ್ಚರದಲ್ಲಿ, ಮಜ್ಜಿಗೆ ಮತ್ತು ಎಳನೀರು ಹೊರತು ಬೇರೇನೂ ಕುಡಿಯದೆ ಹೇಳಿದ್ದೇನೆ. ಓದಿಸಿ ಕೇಳಿದೆ, ನಡೆದ ಹಾಗೆಯೇ ಇದೆ.

ಸ್ಥಳ: ಬೆಳ್ತಂಗಡಿ
ದಿನಾಂಕ: 9-12-1977, ಬೆಳಿಗ್ಗೆ 10-55 ಗಂಟೆ
ಸಹಿ: ನೇಮಿರಾಜ ಜೈನ್
ನನ್ನ ಮುಂದೆ: ಲೋಕನಾಥ, ಹೆಡ್ ಕಾನ್ಸ್‌ಟೇಬಲ್

ದೂರುದಾರಳು ತನ್ನ ಕೈಯಿಂದಲೇ ಬರೆದ ಷರಾ:

ದೂರು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಘಟ್ಟದ ಮೇಲಿನ ಕೊಟ್ಟಿಗೆಹಾರದಿಂದ ಆಚೆಗೆ ಹೋಗಕೂಡದು. ನಾಳೆ ಸಂಜೆ 5 ಗಂಟೆಯೊಳಗೆ ತಂದು ಒಪ್ಪಿಸತಕ್ಕದ್ದು.
ಸಹಿ: ರಾಜಮತಿ