ಮೀಸೆ ಬೋಳಿಸಿದ ಮೇಸ್ತ್ರಿ

ನಗು ಅಕ್ಕ, ನಗು! ಬೆಳಿಗ್ಗೆಯಿಂದ ಈ ಆಸ್ಪತ್ರೆ ಲಾಂಡ್ರಿಯಲ್ಲಿ ನನ್ನ ಮುಖ ನೋಡಿ ನಗದೇ ಇರೋದು ಅಂದ್ರೆ ಯಂತ್ರಗಳು ಮಾತ್ರ. ನನ್ನ ಹೆಂಡತಿ ಅಂತೂ ಬಾಗಿಲು ತೆಗೆದವಳೇ "ಯಾರು ಬೇಕಿತ್ತು?" ಅಂದಳು... ಯಾಕೆ ಬೋಳಿಸಿದೆ ಅಂತೀಯಾ? ನಿನಗೋಸ್ಕರ! ನೀನು ತುಟಿ ನೋಡಿ ಮಾತು ತಿಳ್ಕೊಳ್ಳೋಳು. ನಾನು ನೋಡಿದ್ರೆ, ಮೇಸ್ತ್ರಿ ಆದ ದಿನದಿಂದ ತುಟಿ ಮೇಲೊಂದು ಪೊರಕೆ ಇಟ್ಕೊಂಡು ಓಡಾಡಿದೀನಿ. ಆರು ವರ್ಷ! ನೀನೊಂದು ಮಾತು ಹೇಳಬಾರದಿತ್ತಾ?

ಏನು, ಹೇಳಿದ್ಯಾ? ಯಾವಾಗ? ಓ... ಬೆರಳಲ್ಲಿ ಕತ್ತರಿ ಮಾಡಿ ತೋರಿಸ್ತಿದ್ಯಲ್ಲ, ಅದಾ! ಅಯ್ಯೋ ನನ್ನ ಬುದ್ಧಿಗಿಷ್ಟು! ಹೊದಿಕೆಯ ದಾರ ಕತ್ತರಿಸ್ಲಾ ಅಂತ ಕೇಳ್ತಿದೀಯ ಅಂದ್ಕೊಂಡು ಪ್ರತೀ ಸಲ "ಹೂಂ, ಹೂಂ" ಅಂತಿದ್ದೆ!

ಕೂತ್ಕೋ. ಕೈ ಹೇಗಿದೆ? ಪಟ್ಟಿ ಬಿಚ್ಚಿದ್ರಾ?... ಹೊರಗೆ ಎಲ್ಲರೂ ಕೇಕ್ ಇಟ್ಕೊಂಡು ಕಾಯ್ತಿದಾರೆ. ಹನ್ನೊಂದು ವರ್ಷ ಇಸ್ತ್ರಿ ಯಂತ್ರದ ಹತ್ರ ನಿಂತೋಳನ್ನ ಹಾಗೇ ಕಳಿಸೋಕಾಗುತ್ತಾ? ಕಾರ್ಡಿಗೆ ಎಲ್ಲರೂ ಸಹಿ ಹಾಕಿದಾರೆ, ನೋಡು. ಹೊರದೇಶದ ಹುಡುಗಿ ಅವಳ ಲಿಪಿಯಲ್ಲಿ ಏನೇನೋ ಬರೆದಿದಾಳೆ. ನನ್ನ ಬೈದಿದ್ರೂ ನನಗೆ ಗೊತ್ತಾಗಲ್ಲ ಬಿಡು.

ನನ್ನ ತರಬೇತಿಗೆ ಕಳಿಸಿದ್ರಲ್ಲ, ಎರಡು ದಿನ? ಎಲ್ಲರನ್ನೂ ಒಳಗೊಳ್ಳಬೇಕು ಅಂದ್ರು. ಒಳಗೊಂಡೆ! ಬಟ್ಟೆ ಮಡಿಸೋ ತಾತನಿಗೆ ಎತ್ತರದ ಕುರ್ಚಿ ಹಾಕಿಸಿದೆ. ಆ ಹುಡುಗಿಗೆ ಯಂತ್ರದ ಗುಂಡಿಗಳ ಮೇಲೆ ಚಿತ್ರ ಅಂಟಿಸಿದೆ. ನಿನಗೆ... ನಿನ್ನ ಯಂತ್ರಕ್ಕೆ ಉಗಿ ಇರೋವಾಗ ಹೊತ್ಕೊಳ್ಳೋ ಕೆಂಪು ದೀಪ ಬೇಕು ಅಂತ ಚೀಟಿ ಬರೆದೆ. ಚೀಟಿ ಜೇಬಲ್ಲೇ ಉಳೀತು. ಷರಟು ನಾಲ್ಕು ಸಲ ಒಗೆದಾಯ್ತು. ಲಾಂಡ್ರಿ ಮೇಸ್ತ್ರಿ ನೋಡು ನಾನು!

ಆದ್ರೂ ಅಕ್ಕ, ನಿನ್ನ ಕೈ ಸುಟ್ಟ ದಿನ ನಾನು ಹೇಳಿದ್ದೆ. ಉಗಿ ಇನ್ನೂ ಇದೆ, ಕೈ ಹಾಕಬೇಡ ಅಂತ ಹೇಳಿದ್ದೆ! ಬೋರ್ಡ್ ಮೇಲೆ ಲೆಕ್ಕ ಬರೀತಾ... ಹೂಂ, ಗೋಡೆ ಕಡೆ ತಿರುಗಿಕೊಂಡು. ನಿನಗೆ ಬೆನ್ನು ಹಾಕ್ಕೊಂಡು.

ಸರಿ, ಆಗಿದ್ದು ಆಯ್ತು. ನೀನಾಗೇ ಕೆಳಗಿನ ಗೋದಾಮು ಕೇಳ್ಕೊಂಡೆ, ಅಲ್ಲೊಬ್ಳೇ ಹಾಯಾಗಿರ್ತೀಯ, ನಾವೇನು ಮಾಡೋಕಾಗುತ್ತೆ ಅಂತ ಎಲ್ಲರಿಗೂ ಹೇಳಿದೀನಿ. ಅವರು ಕೇಳಿದ್ರೆ ನೀನೂ ಸುಮ್ನೆ ತಲೆ ಆಡಿಸಿಬಿಡು...

ಯಾಕೆ, ನಗು ನಿಲ್ಲಿಸಿಬಿಟ್ಟೆ?

ಏನದು ಕಾಗದ? ಮೇಲಿನೋರು ನನ್ನ ವರದಿಯ ಒಂದು ಪ್ರತಿ ನಿನಗೂ ಕೊಟ್ರಾ?... ಬೆರಳಿಟ್ಟು ತೋರಿಸಬೇಡ ಅಕ್ಕ. ಗೊತ್ತು ನನಗೆ. "ಸೂಚನೆ ನೀಡಲಾಗಿತ್ತು. ಕಿವಿ ಕೇಳದ ಇವರನ್ನು ಯಂತ್ರದ ಬಳಿ ಇರಿಸುವುದು ಸುರಕ್ಷಿತವಲ್ಲ." ಕೆಳಗಿರೋದು ನನ್ನ ಸಹಿನೇ. ಬೆನ್ನು ಹಾಕಿದ್ದೆ ಅಂತ ಬರೆದಿದ್ರೆ ನನ್ನ ಮೇಸ್ತ್ರಿಗಿರಿ ಹೋಗ್ತಿತ್ತು. ಹೆದರಿಬಿಟ್ಟೆ. ನಿನ್ನ ಜಾಗ ಹೋಗುತ್ತೆ ಅಂತ ಗೊತ್ತಿದ್ದೂ ಬರೆದೆ.

ಏನಾದ್ರೂ ಮಾಡು ಅಕ್ಕ! ಬೈಯಿ, ಎರಡು ಬಿಗಿ...

ಎಲ್ಲಿಗೆ ಹೊರಟೆ? ಬಾಗಿಲು ಯಾಕೆ ತೆಗೆದೆ? ಎಲ್ಲರೂ ಇತ್ಲಾಗೇ ನೋಡ್ತಿದಾರೆ... ಏನು, ನಾನು ಮುಂದೆ ಹೋಗಬೇಕಾ? ಈಗಲೇ? ಅವರೆಲ್ಲರ ಎದುರಿಗಾ?

...ಆಯ್ತು. ಆಯ್ತು, ಬಂದೆ.

ಸ್ವಲ್ಪ ಇಲ್ಲಿ ಕೇಳಿ ಎಲ್ಲರೂ. ತಾತ, ನೀವೂ. ಅಕ್ಕ ಗೋದಾಮು ಕೇಳಿರಲಿಲ್ಲ. ಅವಳನ್ನ ಇಲ್ಲಿಂದ ತೆಗೆಸಿದ್ದು ನಾನು.