ಕುಸ್ತಿ ಕಣವಾದ ಓಣಿ

ಎರಡನೇ ಮಹಾಯುದ್ಧ ಶುರುವಾದ ವರ್ಷ ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಹಿಂದೆ ಒಂದೇ ಓಣಿಯಲ್ಲಿ ನೆರೆಯವರಾಗಿದ್ದ ಇಬ್ಬರು ಹೆಂಗಸರು ಕೂತಿದ್ದರು. ದುರಗವ್ವ ತಾನೀಗ ಇರುವ ಅಕ್ಕಿಆಲೂರಿಗೆ ಹೊರಟಿದ್ದಳು. ವಯಸ್ಸಾದ ಹಾಲವ್ವ ಕಳಿಸಲು ಬಂದಿದ್ದಳು.

“ಓಣಿಯಾಗ ಯಾರದಾರ, ಅಕ್ಕಾ?”

“ಯಾರೂ ಇಲ್ಲ. ವಿಲಾಯತಿ ಪೈಲ್ವಾನರ ಕುಸ್ತಿಗಂತ ನಿಮ್ಮ ಮನಿಗೋಳನ್ನೆಲ್ಲ ಕೆಡವಿದ್ರು. ನಂದೊಂದ ಉಳದೈತಿ.”

“ಕಣ ಆದ್ರ ಪ್ಯಾಟಿ ಬೆಳಿತೈತಿ ಅಂದಿದ್ರಲ್ಲ?”

“ಒಂದ ಸಲ ಕುಸ್ತಿ ಆತು. ಈಗ ಯುದ್ಧದಾಗ ಯಾರ ಬರ್ತಾರ? ಬರೇ ಜಾಲಿ ಬೆಳದೈತಿ.”

“ನನ್ನ ಜೋಡಿ ಬಂದಬಿಡು, ಅಕ್ಕಾ.”

“ನಿನ್ನೆ ನಮ್ಮ ಓಣಿ ಕಾಶವ್ವ ಬಂದು, ತನ್ನ ಒಲಿ ಎಲ್ಲಿತ್ತಂತ ಕೇಳಿದ್ಲು. ತೋರಿಸಿದೆ. ಅಲ್ಲೇ ಕುಂತು ಅತ್ತು ಹೋದ್ಲು. ನಾನೂ ಬಂದ್ರ ತೋರಿಸೋರು ಯಾರು?”

ಬಸ್ಸು ಬಂತು. ದುರಗವ್ವ ಹತ್ತಿದಳು. ಅದು ಮರೆಯಾಗುವವರೆಗೆ ನಿಂತಿದ್ದ ಹಾಲವ್ವ ಒಬ್ಬಳೇ ಕಣದ ದಾರಿ ಹಿಡಿದಳು.